ಅಂಗಳಕ್ಕೆ ಕರಕಿಯೋ, ಸದಾಪುಷ್ಪವೋ? ಹೀಗೆ ನಿರ್ಧರಿಸಿ, ಹೀಗೆ ನೆಡಿ

ಮನೆ ಮುಂದೆ ನಾಲ್ಕು ಹೆಜ್ಜೆ ಜಾಗ ಸಿಕ್ಕರೆ ಸಾಕು, ವಿಜಯಪುರ, ಬಾಗಲಕೋಟೆ ಕಡೆ ಈಗ ಎಲ್ಲರೂ ಮೊದಲು ಕೇಳುವುದು ಲಾನ್. ಗೋಳಗುಮ್ಮಟದ ಸುತ್ತಲಿನ ಹಸಿರು ಹುಲ್ಲು ನೋಡಿ ಬಂದವರಿಗೆ ಆ ಆಸೆ ಹುಟ್ಟುವುದು ಸಹಜ. ಆದರೆ ಅಲ್ಲಿ ನೀರು ಬಿಡಲು, ಹುಲ್ಲು ಕತ್ತರಿಸಲು ಆಳುಗಳಿದ್ದಾರೆ. ನಮ್ಮ ಮನೆಯಲ್ಲಿ ಆ ಕೆಲಸ ಯಾರದು? ಅದಕ್ಕೆ ಲಾನ್‌ಗೆ ಹಾಕುವ ಕರಕಿ (ಗರಿಕೆ) ಹುಲ್ಲಿನ ಜೊತೆ ಇನ್ನೊಂದು ಗಿಡವನ್ನೂ ಪಕ್ಕಕ್ಕಿಟ್ಟು ನೋಡೋಣ. ಅದು ಸದಾಪುಷ್ಪ, ಅಂದರೆ ನಿತ್ಯಪುಷ್ಪ. ಬೆಳಗಾವಿ ಕಡೆ ಸದಾಫುಲಿ ಅಂತಲೂ ಕರೆಯುತ್ತಾರೆ. ಗುಲಾಬಿ ಇಲ್ಲವೇ ಬಿಳಿ ಬಣ್ಣದ, ಐದು ಎಸಳಿನ ಹೂ ವರ್ಷವಿಡೀ ಬಿಡುತ್ತದೆ. ಒಮ್ಮೆ ನೆಟ್ಟರೆ ಎರಡು-ಮೂರು ವರ್ಷ ಇರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಾಲು ಬೀಳುವ ಕಡೆ ಮಾತ್ರ ಹುಲ್ಲು, ಉಳಿದ ಕಡೆ ಹೂ. ಹುಲ್ಲಿನ ಮೇಲೆ ಮಕ್ಕಳು ಓಡಬಹುದು, ಸಂಜೆ ಚಾಪೆ ಹಾಸಿ ಕೂಡಬಹುದು. ಹೂವಿನ ಮಡಿಯಲ್ಲಿ ಅದು ಆಗುವುದಿಲ್ಲ. ಯಾರೂ ಕಾಲಿಡದ ಮೂಲೆಗೂ ಹುಲ್ಲು ಹಾಕಿ ನೀರು ಸುರಿಯುವುದು ಮಾತ್ರ ನಮ್ಮ ಊರಿಗೆ ಹೊಂದುವ ಮಾತಲ್ಲ.

ಮೊದಲು ಬಿಸಿಲು, ಆಮೇಲೆ ಮಣ್ಣು

ಒಂದು ವಾರ ಸುಮ್ನೆ ಗಮನಿಸಿ. ಯಾವ ಜಾಗಕ್ಕೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ, ಮನೆಯವರು ಎಲ್ಲೆಲ್ಲಿ ಓಡಾಡುತ್ತಾರೆ? ಕರಕಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಮಾವಿನ ಗಿಡದ ಕೆಳಗೆ ಅದು ತೆಳ್ಳಗಾಗಿ ಸಾಯುತ್ತದೆ. ಅರೆ ನೆರಳಿದ್ದರೆ ನರ್ಸರಿಯಲ್ಲಿ ಸಿಗುವ ಕೊರಿಯನ್ ಹುಲ್ಲು ಸ್ವಲ್ಪ ತಾಳಿಕೊಳ್ಳುತ್ತದೆ, ಆದರೆ ಹಬ್ಬುವುದು ಬಹಳ ನಿಧಾನ. ಸದಾಪುಷ್ಪಕ್ಕೂ ಬಿಸಿಲೇ ಇಷ್ಟ. ಅರೆ ನೆರಳಲ್ಲಿ ಬದುಕುತ್ತದೆ, ಹೂ ಮಾತ್ರ ಕಡಿಮೆ.

ಮಣ್ಣಿನ ಪರೀಕ್ಷೆಗೆ ಗುದ್ದಲಿ ಒಂದಿದ್ದರೆ ಸಾಕು. ಒಂದು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿ. ಅದು ಇಂಗಿದ ಮೇಲೆ ಸಂಜೆ ಮತ್ತೊಮ್ಮೆ ತುಂಬಿ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಸದಾಪುಷ್ಪವನ್ನು ನೆಲಮಟ್ಟದಲ್ಲಿ ನೆಡಲೇಬೇಡಿ. ನಮ್ಮ ಎರೆ ಮಣ್ಣಿನಲ್ಲಿ ಹೆಚ್ಚು ಕಡೆ ಹೀಗೇ ಆಗುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಮಣ್ಣು ಮಳೆಗಾಲದಲ್ಲಿ ಉಬ್ಬಿ ನೀರು ಹಿಡಿದು ನಿಲ್ಲುತ್ತದೆ. ಕರಕಿಯ ಬೇರು ಇದನ್ನು ಸಹಿಸುತ್ತದೆ. ಹೊಲದ ಬದುವಿನಲ್ಲಿ ಯಾರೂ ಕರೆಯದೆ ಬೆಳೆಯುವ ಹುಲ್ಲು ಅದು, ಅಲ್ವಾ? ಸದಾಪುಷ್ಪದ ಬೇರು ಮಾತ್ರ ನಾಲ್ಕು ದಿನ ನೀರು ನಿಂತರೆ ಕೊಳೆಯುತ್ತದೆ. ಗಿಡ ಬಾಡುವುದು ನೋಡಿ ಬಾಯಾರಿದೆ ಅಂತ ಜನ ಇನ್ನಷ್ಟು ನೀರು ಹಾಕುತ್ತಾರೆ. ಅಲ್ಲಿಗೆ ಅದರ ಕತೆ ಮುಗಿಯಿತು.

ನೀರಿನ ಲೆಕ್ಕ

ಈ ಲೆಕ್ಕ ಹಾಕದೆ ಲಾನ್ ಮಾಡಲು ಹೋಗಬೇಡಿ. 20 ಅಡಿ ಉದ್ದ, 10 ಅಡಿ ಅಗಲದ ಜಾಗ ಅಂದರೆ ಸುಮಾರು 18.5 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಹುಲ್ಲು ಹಸಿರಾಗಿ ಉಳಿಯಬೇಕಾದರೆ ದಿನಕ್ಕೆ ಐದು ಮಿಲಿಮೀಟರ್ ಆದರೂ ಬೇಕು. ಅಂದರೆ ದಿನಕ್ಕೆ 90 ಲೀಟರಿಗೂ ಜಾಸ್ತಿ. 15 ಲೀಟರಿನ ಕೊಡ ಹಿಡಿದರೆ ಆರು ಕೊಡ. ತಿಂಗಳಿಗೆ ಸುಮಾರು 2,800 ಲೀಟರ್.

ಅದೇ ಜಾಗದಲ್ಲಿ ಒಂದೂವರೆ ಅಡಿಗೊಂದರಂತೆ ಸದಾಪುಷ್ಪ ನೆಟ್ಟರೆ ಸುಮಾರು 90 ಸಸಿ ಹಿಡಿಯುತ್ತವೆ. ಬೇರು ಚೆನ್ನಾಗಿ ಇಳಿದ ಮೇಲೆ ಮೂರು ದಿನಕ್ಕೊಮ್ಮೆ ಬುಡಕ್ಕೆ ಒಂದೊಂದು ಲೀಟರ್ ಸಾಕು. ದಿನದ ಲೆಕ್ಕಕ್ಕೆ ಎರಡು ಕೊಡ. ಬುಡಕ್ಕೆ ಕಬ್ಬಿನ ರವದಿ (ಒಣಗಿದ ಎಲೆ) ಮುಚ್ಚಿದರೆ ನೆಲದ ತೇವ ಇನ್ನೂ ಹೆಚ್ಚು ದಿನ ಉಳಿಯುತ್ತದೆ. ಮುಧೋಳ, ಜಮಖಂಡಿ ಸೀಮೆಯಲ್ಲಿ ರವದಿಗೇನು ಬರವಿಲ್ಲ. ಅದಕ್ಕೆ ಬೆಂಕಿ ಹಚ್ಚುವ ಬದಲು ಒಂದೆರಡು ಹೊರೆ ಮನೆಗೆ ತರಿಸಿಕೊಳ್ಳಿ.

ಹುಲ್ಲಿನ ಪರವಾಗಿಯೂ ಒಂದು ಮಾತು ಹೇಳಲೇಬೇಕು. ನೀರಿಲ್ಲದೆ ಕರಕಿ ಒಣಗಿ ಕಂದು ಬಣ್ಣಕ್ಕೆ ತಿರುಗಿತು ಅಂದರೆ ಸತ್ತಿತು ಅಂತ ಅಲ್ಲ. ನೆಲದೊಳಗಿನ ಕಾಂಡ ಜೀವ ಹಿಡಿದಿರುತ್ತದೆ. ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಬೇಸಿಗೆಯ ಎರಡು ತಿಂಗಳು ಅಂಗಳ ಒಣಗಿ ಕಂಡರೂ ನಡೆಯುತ್ತದೆ ಅನ್ನುವವರು ಧೈರ್ಯವಾಗಿ ಹುಲ್ಲು ಹಾಕಬಹುದು. ಬೋರ್‌ವೆಲ್ ನೀರು ಸವಳು ಇರುವ ಕಡೆಯೂ ಕರಕಿಯೇ ಹೆಚ್ಚು ಗಟ್ಟಿ.

ಕರಕಿ ಹಾಕುವುದು

ಕೆಲಸ ಮೇ ತಿಂಗಳಲ್ಲೇ ಶುರು. ನೆಲ ಒಂದು ಅಡಿ ಅಗೆದು ಕಲ್ಲು, ಕಾಂಗ್ರೆಸ್ ಕಸ, ಜೇಕಿನ ಗಡ್ಡೆ ಎಲ್ಲ ಆರಿಸಿ ತೆಗೆಯಿರಿ. ಜೇಕಿನ ವಿಷಯದಲ್ಲಿ ಅವಸರ ಬೇಡ. ಒಂದು ಗಡ್ಡೆ ಉಳಿದರೂ ಮಳೆಗಾಲದಲ್ಲಿ ಅದು ಹತ್ತಾಗುತ್ತದೆ, ಹುಲ್ಲು ಹಬ್ಬಿದ ಮೇಲೆ ಕೀಳುವುದು ತುಂಬಾ ಕಷ್ಟ. ಅಗೆದ ನೆಲಕ್ಕೆ ನೀರು ಉಣಿಸಿ, ಹದಿನೈದು ದಿನ ಬಿಟ್ಟು ಚಿಗುರಿದ್ದನ್ನು ಕುರಪಿಯಿಂದ ಗಡ್ಡೆ ಸಮೇತ ಮತ್ತೆ ತೆಗೆಯಿರಿ.

ಆಮೇಲೆ ಚೆನ್ನಾಗಿ ಕೊಳೆತ ತಿಪ್ಪೆ ಗೊಬ್ಬರ ಎರಡು ಇಂಚು ಹರಡಿ ಮಣ್ಣಿನಲ್ಲಿ ಬೆರೆಸಿ. ಹಸಿ ಗೊಬ್ಬರದಲ್ಲಿ ಕಸದ ಬೀಜ ಇರುತ್ತದೆ, ಬೇಡ. ನೆಲ ಸಮ ಮಾಡುವಾಗ ಗೋಡೆಯಿಂದ ಹೊರಗೆ ಸ್ವಲ್ಪ ಇಳಿಜಾರು ಇರಲಿ. ಎರೆ ಮಣ್ಣಿಗೆ ಎರಡು ಬುಟ್ಟಿ ಮರಳು ಸುರಿದರೆ ಹಗುರ ಆಗುತ್ತದೆ ಅಂತ ಹಲವರು ಹೇಳುತ್ತಾರೆ. ಅಷ್ಟು ಮರಳಿನಿಂದ ಏನೂ ಆಗುವುದಿಲ್ಲ. ದುಡ್ಡು ಗೊಬ್ಬರಕ್ಕೆ ಹಾಕಿ.

ಜೂನ್ ಆರಂಭದ ಮಿರಗದ (ಮೃಗಶಿರಾ) ಮಳೆ ಬಿದ್ದು ನೆಲ ಹದವಾದ ಮೇಲೆ ಬೇರು ಸಮೇತ ಕರಕಿಯ ತುಂಡುಗಳನ್ನು ನಾಲ್ಕು ಇಂಚಿಗೊಂದರಂತೆ ಚುಚ್ಚಿ ನೆಡಿ. ಎರಡು-ಮೂರು ವಾರ ಮೇಲ್ಮಣ್ಣು ಒಣಗದಂತೆ ನೋಡಿಕೊಳ್ಳಿ. ಹುಲ್ಲು ಎರಡೂವರೆ ಇಂಚು ಎತ್ತರ ಆದಾಗ ಮೊದಲ ಕಟಾವು. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ, ಬುಡ ಬೋಳಾದರೆ ಬಿಸಿಲಿಗೆ ಸುಡುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕತ್ತರಿ ಬೇಕೇ ಬೇಕು. 200 ಚದರ ಅಡಿಗೆ 200 ಗ್ರಾಂ ಯೂರಿಯಾ, ಮಳೆಗಾಲದಲ್ಲಿ ಎರಡು ಸಲ ಕೊಡಿ. ಚೆಲ್ಲಿದ ಕೂಡಲೇ ನೀರು ಬಿಡಿ.

ಸದಾಪುಷ್ಪದ ಮಡಿ

ಎರೆ ನೆಲದಲ್ಲಿ ಮಡಿ ನೆಲಕ್ಕಿಂತ ಮುಕ್ಕಾಲು ಅಡಿ ಎತ್ತರ ಇರಲಿ. ಕೆಳಗೆ ಒಂದು ಪದರ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು), ಮೇಲೆ ಕೆಂಪು ಮಣ್ಣು ಮತ್ತು ತಿಪ್ಪೆ ಗೊಬ್ಬರ. ಬೆಳಗಾವಿ, ಖಾನಾಪುರ ಕಡೆ ಕೆಂಪು ಮಣ್ಣು ನೀರು ಬಸಿಯುತ್ತದೆ ನಿಜ, ಆದರೆ ಮಳೆ ಜಾಸ್ತಿ. ಅಲ್ಲಿ ಮಳೆಯ ಜೋರು ಇಳಿದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ ನೆಡುವುದು ಒಳ್ಳೆಯದು.

ಬೀಜ ಸಣ್ಣ, ಕಪ್ಪು. ಬಿತ್ತಿದ ಮೇಲೆ ತೆಳುವಾಗಿ ಮಣ್ಣು ಮುಚ್ಚಲೇಬೇಕು. ಬೆಳಕು ಬಿದ್ದರೆ ಸರಿಯಾಗಿ ಮೊಳೆಯುವುದಿಲ್ಲ. ಒಂದೆರಡು ವಾರದಲ್ಲಿ ಮೊಳಕೆ ಬರುತ್ತದೆ. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿ. ಗಿಡ ಕವಲೊಡೆದು ಪೊದೆಯಾಗುತ್ತದೆ. ನೀರು ಬುಡಕ್ಕೆ ಮಾತ್ರ, ಎಲೆ ಮೇಲೆ ಬೇಡ. ಗೊಬ್ಬರ ಜಾಸ್ತಿ ಕೊಟ್ಟರೆ ಎಲೆ ದಟ್ಟವಾಗುತ್ತದೆ, ಹೂ ಕಡಿಮೆಯಾಗುತ್ತದೆ.

ನಮ್ಮ ಸುಣ್ಣದಂಶದ ಮಣ್ಣಿನಲ್ಲಿ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುವುದು ಕಂಡರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣ ಅದನ್ನು ಬೇರಿಗೆ ಸಿಗಗೊಡುವುದಿಲ್ಲ. ಒಂದು ಲೀಟರ್ ನೀರಿಗೆ ಐದು ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ನಾಲ್ಕು ಹನಿ ನಿಂಬೆರಸ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಎಲೆಗೆ ನೀರು ತಾಗಿಸಬೇಡಿ ಅಂದ ಮಾತಿಗೆ ಇದೊಂದೇ ವಿನಾಯಿತಿ.

ಇನ್ನೊಂದು ಮುಖ್ಯ ಮಾತು. ಈ ಗಿಡ ವಿಷ. ಕಹಿ ಹಾಲು ಇರುವುದರಿಂದ ಆಡು, ದನ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಅಂಗಳಕ್ಕೆ ದನ ನುಗ್ಗುವ ಊರುಗಳಲ್ಲಿ ಇದೊಂದು ಅನುಕೂಲ. ಆದರೆ ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ಬೆಳಿಗ್ಗೆ ಎದ್ದು ಎಲೆ ಅಗಿಯುವವರಿದ್ದಾರೆ. ದಯವಿಟ್ಟು ಬೇಡ. ಇದೇ ನಂಬಿಕೆಯ ಬೆನ್ನು ಹತ್ತಿ 1950ರ ದಶಕದಲ್ಲಿ ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಪರೀಕ್ಷೆ ಮಾಡಿದರು. ಸಕ್ಕರೆ ಇಳಿಯುವುದು ಕಾಣಲಿಲ್ಲ. ಬದಲಿಗೆ ಪ್ರಾಣಿಗಳ ರಕ್ತದ ಬಿಳಿ ಕಣಗಳು ಕುಸಿದವು. ಹಾಗೆ ಸಿಕ್ಕಿದ್ದು ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿ. ಆಮೇಲೆ ಇದೇ ಗಿಡದಿಂದ ವಿನ್‌ಕ್ರಿಸ್ಟಿನ್ ಬಂತು, ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಕೊಡುತ್ತಾರೆ. ವೈದ್ಯರು ಅಳತೆ ಮಾಡಿ ಕೊಡುವ ಔಷಧಿಗೂ ಅಂಗಳದಲ್ಲಿ ಕಿತ್ತು ಅಗಿಯುವ ಎಲೆಗೂ ಬಹಳ ದೂರ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮಡಿಯನ್ನು ಗೋಡೆ ಕಡೆಗೆ ಮಾಡಿ, ಹೂ ಬಾಯಿಗೆ ಹಾಕದಂತೆ ಹೇಳಿಕೊಡಿ.

ಎರಡೂ ಇದ್ದರೆ

ಕರಕಿ ಸುಮ್ಮನೆ ಕೂಡುವ ಹುಲ್ಲಲ್ಲ. ಒಂದು ಮಳೆಗಾಲದಲ್ಲಿ ಹೂವಿನ ಮಡಿಯೊಳಗೆ ನುಗ್ಗುತ್ತದೆ. ನಡುವೆ ಶಹಾಬಾದ್ ಕಲ್ಲಿನ ಪಟ್ಟಿಗಳನ್ನು ನೆಲದೊಳಗೆ ಅರ್ಧ ಅಡಿ, ಮೇಲೆ ಎರಡು ಇಂಚು ಕಾಣುವಂತೆ ಹುಗಿಯಿರಿ. ಕಲ್ಲು ದಾಟಿ ಬಂದ ಬಳ್ಳಿಯನ್ನು ತಿಂಗಳಿಗೊಮ್ಮೆ ಕತ್ತರಿಸಿ.

ಸದಾಪುಷ್ಪ ಎರಡನೇ ವರ್ಷ ಕಟ್ಟಿಗೆಯಂತಾಗಿ ಕೆಳಗೆ ಬೋಳಾಗುತ್ತದೆ. ಮುಂಗಾರಿಗೆ ಮುಂಚೆ ಅರ್ಧಕ್ಕೆ ಸವರಿದರೆ ಮತ್ತೆ ಚಿಗುರುತ್ತದೆ. ಮೂರನೇ ವರ್ಷಕ್ಕೆ ಹೊಸ ಸಸಿ ಬೇಕು. ಅದಕ್ಕೆ ಸಣ್ಣ ಕಾಯಿಗಳು ಹಳದಿಗೆ ತಿರುಗಿದಾಗಲೇ, ಸಿಡಿಯುವ ಮುಂಚೆ, ಕಿತ್ತು ಕಾಗದದ ಪೊಟ್ಟಣದಲ್ಲಿ ಒಣಗಿಸಿ ಇಟ್ಟುಕೊಳ್ಳಿ.