ಹತ್ತರಲ್ಲಿ ಒಂಬತ್ತು

ರಾಯಚೂರಿನ ಒಂದು ಆಸ್ಪತ್ರೆಯ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ನಾನು ಸ್ಕ್ರಬ್ ನರ್ಸ್. "ನಮ್ಮ ಸೊಸಿ ಡಾಕ್ಟರಿಗೆ ಕತ್ತರಿ ಕೊಡ್ತಾಳ" ಅಂತ ನಮ್ಮತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಕತ್ತರಿ ಕೊಡುವುದು ಆರು ತಿಂಗಳಲ್ಲಿ ಬಂತು. ಎಣಿಸುವುದಕ್ಕೆ ಜಾಸ್ತಿ ದಿನ ಹಿಡಿಯಿತು.

ಶುರುವಿನಲ್ಲಿ ನನ್ನ ಕಣ್ಣೆಲ್ಲ ಡಾಕ್ಟರ ಕೈ ಮೇಲೆ. ಯಾವಾಗ ಚಾಚುತ್ತಾರೋ ಅಂತ ಕಾಯುತ್ತಿದ್ದೆ. ಹಿರಿಯ ಸಿಸ್ಟರ್ ಒಬ್ಬರು ಕಿವಿಯ ಹತ್ತಿರ ಬಂದು, "ಕೈ ನೋಡಬ್ಯಾಡವಾ, ಗಾಯ ನೋಡು" ಅಂದರು. ರಕ್ತ ಚಿಮ್ಮಿತು ಅಂದರೆ ಆರ್ಟರಿ ಫೋರ್ಸೆಪ್ಸ್, ರಕ್ತನಾಳ ಕಚ್ಚಿ ಹಿಡಿಯುವ ಚಿಮಟ. ಗಂಟು ಬಿತ್ತು ಅಂದರೆ ಕತ್ತರಿ. ಕೇಳುವ ಮೊದಲೇ ನಮ್ಮ ಕೈಯಲ್ಲಿ ಇರಬೇಕು. ಹಿಡಿಕೆಯನ್ನು ಅವರ ಅಂಗೈಗೆ ಸದ್ದಾಗುವಷ್ಟು ಗಟ್ಟಿಯಾಗಿ ಇಡಬೇಕು, ಅವರು ಗಾಯದಿಂದ ಕಣ್ಣು ತೆಗೆಯುವಂತಾಗಬಾರದು. ಬ್ಲೇಡನ್ನು ಮಾತ್ರ ಕೈಗೆ ಕೊಡುವುದಿಲ್ಲ, ಕಿಡ್ನಿ ಟ್ರೇಯಲ್ಲಿಟ್ಟು ಮುಂದೆ ಹಿಡಿಯುತ್ತೇನೆ. ನೀಡಲ್ ಹೋಲ್ಡರ್ ಸೂಜಿಯನ್ನು ಹಿಡಿಯಬೇಕಾದ್ದು ದಾರದ ಕಡೆಯಿಂದ ಮೂರನೇ ಒಂದು ಭಾಗ ಬಿಟ್ಟು. ನಮ್ಮ ಒಬ್ಬ ಸರ್ ಎಡಚರು. ಅವರಿಗೆ ಮೊನೆ ಉಲ್ಟಾ ದಿಕ್ಕಿಗಿರಬೇಕು. ಮೊದಲ ಸಲ ಎಂದಿನ ಹಾಗೆ ಕೊಟ್ಟುಬಿಟ್ಟೆ. ಅವರು ಏನೂ ಅನ್ನಲಿಲ್ಲ, ಸುಮ್ನೆ ನನ್ನನ್ನು ನೋಡಿದರು. ಸಾಕಾಯಿತು.

ಗೌನ್ ಹಾಕಿದ ಮೇಲೆ ಕೈ ಸೊಂಟದಿಂದ ಕೆಳಗೆ ಇಳಿಯುವ ಹಾಗಿಲ್ಲ. ಮೂಗು ತುರಿಸಿದರೆ ತುರಿಸಲಿ. ಮೇ ತಿಂಗಳಲ್ಲಿ ನಮ್ಮೂರಲ್ಲಿ ಕರೆಂಟ್ ಹೋದರೆ, ಜನರೇಟರ್ ಹತ್ತುವ ತನಕ ಕತ್ತಲಲ್ಲಿ ಯಾರೂ ಕೈ ಅಲ್ಲಾಡಿಸುವುದಿಲ್ಲ. ಹಣೆಯಿಂದ ಬೆವರು ಇಳಿಯುತ್ತದೆ. ಟೇಬಲ್ಲಿಗೆ ಬೆನ್ನು ಹಾಕದೆ ಮುಖವಷ್ಟೇ ಹೊರಳಿಸಿದರೆ ಹೊರಗಿನ ಸಿಸ್ಟರ್, ಅಂದರೆ ಗೌನ್ ಹಾಕದೆ ಓಟಿಯೊಳಗೆ ಓಡಾಡುವವರು, ಒರೆಸುತ್ತಾರೆ.

ಇನ್ನು ಎಣಿಕೆ. ಸಿಸೇರಿಯನ್ ಇದ್ದರೆ ನಾವು ನಾಲ್ಕು ಸಲ ಎಣಿಸುತ್ತೇವೆ: ಚರ್ಮ ಕೊಯ್ಯುವ ಮೊದಲು, ಗರ್ಭಕೋಶ ಹೊಲಿಯುವಾಗ, ಹೊಟ್ಟೆ ಮುಚ್ಚುವ ಮೊದಲು, ಚರ್ಮ ಹೊಲಿಯುವಾಗ. ಮಾಪ್ (ರಕ್ತ ಹೀರುವ ಬಟ್ಟೆ), ಸೂಜಿ, ಸಾಮಾನು ಎಲ್ಲ. ನಾನು, ಹೊರಗಿನ ಸಿಸ್ಟರ್ ಇಬ್ಬರೂ ಒಟ್ಟಿಗೆ, ಬಾಯಿಬಿಟ್ಟು. ಮನಸ್ಸಿನಲ್ಲಿ ಎಣಿಸಿದ್ದು ಲೆಕ್ಕಕ್ಕಿಲ್ಲ. ರಕ್ತದಲ್ಲಿ ನೆಂದ ಮಾಪ್ ಹೊಟ್ಟೆಯೊಳಗೆ ಕರುಳಿನಂತೆಯೇ ಕಾಣುತ್ತದೆ, ಕಣ್ಣನ್ನು ನಂಬುವಂತಿಲ್ಲ. ಅದಕ್ಕೇ ಅದರ ಲಾಡಿ ಹೊರಗೆ ಬಿಟ್ಟು ಆರ್ಟರಿ ಫೋರ್ಸೆಪ್ಸ್ ಸಿಕ್ಕಿಸುತ್ತೇವೆ.

ಒಂದು ರಾತ್ರಿ ಎರಡು ಗಂಟೆಯ ಸಿಸೇರಿಯನ್. ಮಗು ಚೆನ್ನಾಗಿ ಅತ್ತಿತು. ಹೊರಗೆ ಇನ್ನೊಬ್ಬ ಹೆಣ್ಣುಮಗಳು ಸ್ಟ್ರೆಚರ್ ಮೇಲೆ ಕಾಯುತ್ತಿದ್ದಳು. ಹೊಟ್ಟೆ ಮುಚ್ಚುವ ಮೊದಲಿನ ಎಣಿಕೆಯಲ್ಲಿ ಬೋರ್ಡ್ ಮೇಲೆ ಬರೆದದ್ದು ಹತ್ತು ಮಾಪ್, ಕೈಗೆ ಸಿಕ್ಕಿದ್ದು ಒಂಬತ್ತು. ಮತ್ತೆ ಎಣಿಸಿದೆವು. ಒಂಬತ್ತೇ.

"ಬೋರ್ಡ್ ಮೇಲೆ ತಪ್ಪು ಬರೆದಿರಬೇಕು ನೋಡಿ" ಅಂದರು ಡಾಕ್ಟರ್.

ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಹಾಗೇ ಅನ್ನುತ್ತಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಆಪರೇಷನ್ ಸುರಕ್ಷತೆಯ ಚೆಕ್‌ಲಿಸ್ಟ್ ನಮ್ಮ ಓಟಿ ಗೋಡೆಯ ಮೇಲಿದೆ. ಲೆಕ್ಕ ಸರಿಯಾಗಿದೆ ಅಂತ ಅದರಲ್ಲಿ ಬಾಯಿಬಿಟ್ಟು ಹೇಳಬೇಕಾದವಳು ನರ್ಸ್. ನನ್ನ ಬಾಯಿಗೆ ಆ ಮಾತು ಬರಲಿಲ್ಲ. "ಸರ್, ಹತ್ತು ಬಿಚ್ಚಿದ್ದು ನಾನೇ. ಒಂದು ಸಿಗ್ತಿಲ್ಲ. ಮುಚ್ಚಬೇಡಿ" ಅಂದೆ. ಮಾಸ್ಕ್ ಒಳಗೆ ತುಟಿ ನಡುಗುತ್ತಿತ್ತು.

ಅವರು ಒಳಗೆ ಕೈಯಾಡಿಸಿದರು. ಇಲ್ಲ. ನಾನು ಬಟ್ಟೆಯ ಮಡಿಕೆ ನೋಡಿದೆ. ಹೊರಗಿನ ಸಿಸ್ಟರ್ ಟೇಬಲ್ ಕೆಳಗೆ ಬಗ್ಗಿದರು, ಕಸದ ಬಕೆಟ್ ಸುರಿದರು. ಕೊನೆಗೆ ಉಳಿದದ್ದು ಎಕ್ಸ್‌ರೇ. ಮಾಪಿನಲ್ಲಿ ಎಕ್ಸ್‌ರೇಗೆ ಕಾಣುವ ಎಳೆ ಇರುತ್ತದೆ. ಆದರೆ ಟೆಕ್ನಿಷಿಯನ್ ಮನೆಯಿಂದ ಬರಬೇಕಿತ್ತು. ಫೋನ್ ಹಚ್ಚಿದ್ದೂ ಆಯಿತು.

ಅಷ್ಟರಲ್ಲಿ ಆಯಾ, "ಯಕ್ಕಾ, ಇದರಾಗೂ ನೋಡ್ಲೇನು?" ಅಂತ ಮಾಸು ಹಾಕಿದ್ದ ಬೇಸಿನ್ ಎತ್ತಿದಳು. ಮಾಸಿನ ಅಡಿಗೆ ಅಂಟಿಕೊಂಡು ಕೂತಿತ್ತು, ಹತ್ತನೆಯದು.

ಇನ್ನೊಮ್ಮೆ ಎಣಿಸಿದೆವು. ಡಾಕ್ಟರ್ ಕೈ ಚಾಚಿದರು. ನೀಡಲ್ ಹೋಲ್ಡರ್ ಕೊಟ್ಟೆ.