ತೊಗರಿ ಮಾರುವ ಮುಂಚೆ ನಾನು ನೋಡುವುದು

ಚಿತ್ತಾಪುರ ತಾಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಎರೆ ಹೊಲ. ಮಳೆ ನಂಬಿದ ಬೇಸಾಯ, ತೊಗರಿಯೇ ಗತಿ. ಜೂನ್‌ನಲ್ಲಿ ಬಿತ್ತಿ, ಕುಡಿ ಚಿವುಟಿ, ಗಿಡ ಒಣಗಿಸುವ ನೆಟೆ ರೋಗ ದಾಟಿಸಿ, ಸಂಕ್ರಾಂತಿ ಹೊತ್ತಿಗೆ ರಾಶಿ ಮಾಡುತ್ತೇವೆ. ಆದರೆ ರೇಟು ಹೊರದೇಶದ ತೊಗರಿ ತರುವ ಹಡಗಿನ ಜೊತೆ ಬಂದು ಹೋಗುತ್ತದೆ.

2016ರಲ್ಲಿ ಮೊಜಾಂಬಿಕ್ ಜೊತೆ, 2021ರಲ್ಲಿ ಮ್ಯಾನ್ಮಾರ್ ಜೊತೆ ನಮ್ಮ ಸರ್ಕಾರ ತೊಗರಿ ತರುವ ಒಪ್ಪಂದ ಮಾಡಿಕೊಂಡಿತು. ಮೊದಲನೆಯದು ವರ್ಷಕ್ಕೆ 2 ಲಕ್ಷ ಟನ್‌ವರೆಗೆ, ಎರಡನೆಯದು 1 ಲಕ್ಷ ಟನ್. 2021ರ ಮೇನಲ್ಲಿ ತೊಗರಿ ಆಮದನ್ನೇ ಮುಕ್ತ ಮಾಡಿದರು. ಆಫ್ರಿಕಾದ ಬೆಳೆ ನಮಗಿಂತ ಮೊದಲೇ ಕಟಾವಾಗುತ್ತದೆ. ನಮ್ಮ ರಾಶಿ ಗಂಜ್‌ಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ಬರುವಷ್ಟರಲ್ಲಿ ಮಿಲ್ಲಿನವರ ಗೋದಾಮು ತುಂಬಿರುತ್ತದೆ. ಅವರಿಗೆ ಅವಸರ ಇಲ್ಲ. ನಮಗೆ ಸಾಲ ಕಟ್ಟುವ ಅವಸರ.

2024ರಲ್ಲಿ ಕ್ವಿಂಟಲ್‌ಗೆ 10 ಸಾವಿರ ದಾಟಿದ್ದ ತೊಗರಿ, 2025ರ ಆರಂಭದಲ್ಲಿ ಬೆಂಬಲ ಬೆಲೆ 7,550ಕ್ಕಿಂತ ಕೆಳಗೆ ಬಿತ್ತು. ಅದೇ ಜನವರಿಯಲ್ಲಿ, ನಮ್ಮ ಕಾಳು ಕಣದಲ್ಲಿರುವಾಗಲೇ, ಸುಂಕವಿಲ್ಲದ ಆಮದನ್ನು 2026ರ ಮಾರ್ಚ್‌ವರೆಗೆ ಮುಂದುವರಿಸಿದರು. ಪೇಟೆಯವರಿಗೆ ಬೇಳೆ ಅಗ್ಗ ಸಿಗಬೇಕು, ಅದು ಸರಿ. ಆದರೆ ಸುಗ್ಗಿ ಸಮಯದಲ್ಲೇ ಬಾಗಿಲು ತೆರೆದಿಡಬೇಕಾ?

ಹಾಗಾಗಿ ನಾನು ಎಲ್ಲಾ ಮಾಲು ಒಂದೇ ಸಲ ಒಯ್ಯುವುದಿಲ್ಲ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಮೊದಲೇ ನೋಂದಣಿ ಮಾಡಿಸುತ್ತೇನೆ. 2025ರಲ್ಲಿ ರಾಜ್ಯ ಸರ್ಕಾರ ಬೆಂಬಲ ಬೆಲೆಗೆ 450 ರೂಪಾಯಿ ಸೇರಿಸಿ 8,000 ಕೊಟ್ಟಿತು, ಹೆಸರು ಬರೆಸದವರಿಗೆ ಅದು ಸಿಗಲಿಲ್ಲ. ಅಲ್ಲಿ ತೇವಾಂಶ 12 ಶೇಕಡಾ ಮೀರಿದರೆ ಮಾಲು ವಾಪಸ್. ತಾಡಪತ್ರಿ ಮೇಲೆ ಚೆನ್ನಾಗಿ ಒಣಗಿಸಿ, ಜರಡಿ ಹಿಡಿದೇ ಚೀಲ ಕಟ್ಟುತ್ತೇನೆ. ಗಂಜ್‌ನಲ್ಲಿ ವ್ಯಾಪಾರಿ ಬೊಗಸೆ ತುಂಬ ತೆಗೆದು, ಒಂದು ಕಾಳು ಹಲ್ಲಿಗೆ ಹಾಕಿ ಕಡಿಯುತ್ತಾನೆ. ಕಟ್ ಅಂತ ಸಪ್ಪಳ ಬಂದರೆ ಮಾತು ಶುರು, ಮೆತ್ತಗೆ ಬಂದರೆ ಸುಮ್ನೆ ಮುಂದಿನ ರಾಶಿಗೆ ಹೋಗುತ್ತಾನೆ.

ಸಾಲಕ್ಕೆ ಬೇಕಾದಷ್ಟು ಮಾತ್ರ ಜನವರಿಯಲ್ಲಿ ಮಾರುತ್ತೇನೆ. ಉಳಿದದ್ದು ಬೇವಿನ ಎಲೆ ಹಾಕಿ ಮನೆಯಲ್ಲೇ ಇರುತ್ತದೆ. ಹಳದಿ ಬಟಾಣಿ ಸುದ್ದಿಯನ್ನೂ ಬಿಡುವುದಿಲ್ಲ. 2023ರ ಡಿಸೆಂಬರ್‌ನಿಂದ ಅದು ಸುಂಕವಿಲ್ಲದೆ ಬಂದು ಬೇಳೆಕಾಳಿನ ರೇಟನ್ನೆಲ್ಲ ಕೆಳಗೆ ಎಳೆಯಿತು. 2025ರ ನವೆಂಬರ್‌ನಲ್ಲಿ ಅದಕ್ಕೆ 30 ಶೇಕಡಾ ಸುಂಕ ಹಾಕಿದರು. ತೊಗರಿಗೂ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಾಗೆ ಮಾಡಲಿ ಅಂತ ನಮ್ಮೂರಿನ ರೈತರೆಲ್ಲ ಕೇಳುತ್ತಿದ್ದೇವೆ.