ವಾರದ ನಡುವಿನ ರೂಮುಗಳು: ಕೊಡಗಿನ ರೆಸಾರ್ಟಿನಲ್ಲಿ ನನ್ನ ಅನುಭವ

ಕೊಡಗಿನಲ್ಲಿ ಶನಿವಾರ ರೂಮ್ ತುಂಬಿಸಲು ಯಾರ ಜಾಣತನವೂ ಬೇಕಿಲ್ಲ. ಬೆಂಗಳೂರಿನವರು ಐದಾರು ಗಂಟೆ ಗಾಡಿ ಓಡಿಸಿಕೊಂಡು ಬಂದೇ ಬರುತ್ತಾರೆ. ವಿರಾಜಪೇಟೆ ಕಡೆಯ ಐಷಾರಾಮಿ ರೆಸಾರ್ಟ್ ಒಂದರಲ್ಲಿ ರೂಮಿನ ರೇಟು, ಬುಕಿಂಗ್ ನೋಡಿಕೊಳ್ಳುವ ರೆವೆನ್ಯೂ ಮ್ಯಾನೇಜರ್ ಆಗಿದ್ದ ನನ್ನ ತಲೆನೋವೆಲ್ಲ ಭಾನುವಾರ ರಾತ್ರಿಯಿಂದ ಗುರುವಾರದವರೆಗಿನದು.

‘ರೇಟ್ ಇಳಿಸಿಬಿಡಿ’ ಅಂದರು ಮಾಲೀಕರು. ಒಂದು ಲೆಕ್ಕ ಬರೆದು ತೋರಿಸಿದೆ. 50 ರೂಮಿನಲ್ಲಿ 30 ತುಂಬಿ, ರೂಮಿಗೆ 20,000 ರೂಪಾಯಿ ಬಂದರೆ ದಿನಕ್ಕೆ 6 ಲಕ್ಷ. ರೇಟನ್ನು 16,000ಕ್ಕೆ ಇಳಿಸಿದರೆ ಅದೇ 6 ಲಕ್ಷಕ್ಕೆ 38 ರೂಮ್ ತುಂಬಬೇಕು. ಆ ಎಂಟು ರೂಮಿನ ಲಾಂಡ್ರಿ, ತಿಂಡಿ, ಕರೆಂಟು ಸುಮ್ನೆ ಮೈಮೇಲೆ. ಒಮ್ಮೆ 16,000 ಕೊಟ್ಟವರು ಮುಂದಿನ ಸಲ 20,000 ಕೊಡ್ತಾರಾ?

ರೇಟ್ ಹಾಗೇ ಇಟ್ಟು, ವಾರದ ನಡುವೆ ರಾತ್ರಿ ಊಟ ಸೇರಿಸಿದೆವು. ಕತ್ತಲಾದ ಮೇಲೆ ಆನೆ ಓಡಾಡುವ ತೋಟದ ದಾರಿಯಲ್ಲಿ ಊಟಕ್ಕೆ ಹೊರಗೆ ಹೋಗುವವರು ಯಾರು? ಪಂದಿ ಕರಿ, ಕಡುಂಬುಟ್ಟಿನಂಥ ಕೊಡವ ಅಡುಗೆಗೆ ನಮ್ಮ ಅಡುಗೆಮನೆಯಲ್ಲಿ ಆಗುವ ಖರ್ಚು ಬೇರೆ, ಅತಿಥಿ ಅದಕ್ಕೆ ಮನಸ್ಸಿನಲ್ಲಿ ಕಟ್ಟುವ ಬೆಲೆ ಬೇರೆ. ಮದ್ಯ, ಸ್ಪಾ ಬಿಲ್ಲು ಹೇಗೂ ಪ್ರತ್ಯೇಕ.

ನಿಜವಾಗಿ ಕೈಹಿಡಿದದ್ದು ಕಂಪನಿಗಳ ಮೀಟಿಂಗು. 7,500 ರೂಪಾಯಿ ದಾಟಿದ ರೂಮಿಗೆ ಶೇ. 18 ಜಿಎಸ್‌ಟಿ. ಕರ್ನಾಟಕದಲ್ಲೇ ನೋಂದಣಿ ಇರುವ ಕಂಪನಿ ಆ ತೆರಿಗೆಯನ್ನು ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಡಿತ ಮಾಡಿಕೊಳ್ಳಬಹುದು. ಹೊರರಾಜ್ಯದ ನೋಂದಣಿಯಲ್ಲಿ ಬಿಲ್ ಮಾಡಿಸಿದರೆ ಆಗುವುದಿಲ್ಲ. ಹಾಗಾಗಿ ನಾನು ಚೆನ್ನೈಗಿಂತ ಜಾಸ್ತಿ ಬೆಂಗಳೂರು ಸುತ್ತಿದೆ. ಮೀಟಿಂಗಿನವರು ಸೋಮವಾರ ಬಂದು ಬುಧವಾರ ಹೋಗುತ್ತಾರೆ, ನಮಗೆ ಬೇಕಾಗಿದ್ದೂ ಅದೇ ಅಲ್ವಾ? ಟ್ರಾವೆಲ್ ಸೈಟುಗಳಿಗೆ ಕೊಡುವ ದೊಡ್ಡ ಕಮಿಷನ್ ಕೂಡ ಇಲ್ಲಿ ಉಳಿಯುತ್ತದೆ.

ಮಳೆಗಾಲ ಬೇರೆಯೇ ಕತೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ಮೇಲೆ ಮಳೆ ಅಂದರೆ ಜನ ಹೆದರುತ್ತಾರೆ. ಆ ತಿಂಗಳುಗಳ ಬುಕಿಂಗಿಗೆ, ದುಡ್ಡು ಹೆಚ್ಚಿಗೆ ಕೇಳದೆ ತಾರೀಖು ಬದಲಾಯಿಸಿಕೊಳ್ಳುವ ಅವಕಾಶ ಕೊಟ್ಟೆವು. ಉಳಿದ ಖಾಲಿ ರೂಮುಗಳಲ್ಲಿ ರಿಪೇರಿ.

ನಮ್ಮ ಲೆಕ್ಕ ನೋಡಿ ಪಕ್ಕದ ತೋಟದ ಬೆಳೆಗಾರರೊಬ್ಬರು ತಮ್ಮ ಜಾಗದಲ್ಲಿ ರೆಸಾರ್ಟ್ ನಡೆಸಲು ದೊಡ್ಡ ಹೋಟೆಲ್ ಕಂಪನಿಯೊಂದು ಕೊಟ್ಟ ಕರಾರು ಹಿಡಿದು ಬಂದರು. ಇಂಥ ಕಂಪನಿಗಳು ಈಗ ಜಾಗ ಕೊಂಡು ಬೆಳೆಯುವುದು ಕಡಿಮೆ. ಪಾಲಿಬೆಟ್ಟದ ಸುತ್ತಲಿನ ಟಾಟಾ ಕಾಫಿ ತೋಟದ ಹಳೆಯ ಬಂಗಲೆಗಳು ಅದೇ ಸಮೂಹದ ಹೋಟೆಲ್ ಕಂಪನಿಯ ‘ಅಮಾ ಸ್ಟೇಸ್’ ಹೆಸರಿನಲ್ಲಿ ಅತಿಥಿಗಳಿಗೆ ತೆರೆದವು. ಹೊಸದಾಗಿ ಕಟ್ಟುವ ಕೆಲಸವೇ ಇರಲಿಲ್ಲ. ಬೇರೆ ಕಡೆ ಕಟ್ಟಡ, ಸಾಲ ಮಾಲೀಕರದು. ಹೆಸರು, ಬುಕಿಂಗ್, ಆಡಳಿತ ಕಂಪನಿಯದು. ಕಂಪನಿಗೆ ಒಟ್ಟು ಆದಾಯದಲ್ಲಿ ಸಣ್ಣ ಪಾಲು, ಹೋಟೆಲ್ ನಡೆಸಿ ಬಂದ ಲಾಭದಲ್ಲಿ ಇನ್ನೊಂದು ಪಾಲು. ಮೊದಲನೆಯದು ಮಾಲೀಕರಿಗೆ ನಷ್ಟವಾದರೂ ಕಂಪನಿಗೆ ಬರುತ್ತದೆ. ಅದನ್ನು ಇಳಿಸಿ, ಲಾಭದ ಪಾಲು ಏರಿಸಲು ಕೇಳಿ ಎಂದೆ. ಕೇಳಿದರು. ಕಂಪನಿ ಮೊದಲ ಮೂರು ವರ್ಷಕ್ಕೆ ಮಾತ್ರ ಒಪ್ಪಿತು.